ಎರೆ ಹೊಲದ ಬೆನ್ನುಮಣಿ: ಯಾವ ಪ್ರಾಣಿ ಎಂದು ಕೇಳುವ ಮೊದಲು

ಸಂಶಿಯ ಸುತ್ತಲಿನ ಎರೆ ಹೊಲಗಳಲ್ಲಿ ಎಲುಬು ಸಿಗುವುದು ಹೊಸ ಸಂಗತಿಯಲ್ಲ. ಕೃಷಿ ಹೊಂಡ ತೋಡುವಾಗ ಜೆಸಿಬಿಯ ಹಲ್ಲಿಗೆ ಸಿಕ್ಕಿ ಬರುತ್ತದೆ. ಕುಂದಗೋಳ ಸೀಮೆಯಲ್ಲಿ ಹಾಯ್ದು ನವಲಗುಂದದ ಕಡೆ ಹೋಗುವ ಬೆಣ್ಣೆಹಳ್ಳ ಉಕ್ಕಿ ಇಳಿದ ಮೇಲೆ ಕುಸಿದ ದಂಡೆಯಲ್ಲಿ ಕಾಣುತ್ತದೆ. ಹಾಗೆ ಸಿಕ್ಕಿದ್ದರಲ್ಲಿ ಜನ ಮನೆಗೆ ಒಯ್ಯುವುದು ಹೆಚ್ಚಾಗಿ ಬೆನ್ನುಮಣಿಯನ್ನು. ಅದಕ್ಕೆ ಕಾರಣವೂ ಸರಳ. ಒಂದು ಎತ್ತಿಗೆ ತಲೆಬುರುಡೆ ಒಂದೇ, ಕಾಲು ನಾಲ್ಕೇ. ಬೆನ್ನುಮಣಿ ಮಾತ್ರ ಕುತ್ತಿಗೆಯಿಂದ ಬಾಲದ ತುದಿಯವರೆಗೆ ಎಣಿಸಿದರೆ 50ರ ಆಸುಪಾಸು. ಬುರುಡೆ ತೆಳ್ಳಗಿದ್ದು ಬೇಗ ಒಡೆಯುತ್ತದೆ. ಮಣಿ ಗಿಡ್ಡ, ಗಟ್ಟಿ. ಮೇಲಾಗಿ ನೋಡಲು ವಿಚಿತ್ರ. ನಡುವೆ ತೂತು, ಮೇಲೆ ಮುಳ್ಳು, ಪಕ್ಕಕ್ಕೆ ರೆಕ್ಕೆ. ಜೀವಂತ ದನದಲ್ಲಿ ಮಾಂಸ ಚರ್ಮಗಳ ಅಡಿಯಲ್ಲೇ ಉಳಿಯುವ ಆಕಾರವಿದು. ಎತ್ತಿನ ಮೈ ದಿನಾ ತಿಕ್ಕುವ ರೈತನಿಗೂ ಅದರ ಬೆನ್ನುಮಣಿ ಅಪರಿಚಿತ.

ಆದ್ದರಿಂದ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಇದು ಯಾವುದರ ಎಲುಬು? ಅದರ ಬೆನ್ನಿಗೇ ಮೊಬೈಲಿನಲ್ಲಿ ಫೋಟೊ ಹೋಗುತ್ತದೆ, ಯಾರೋ ಡೈನೋಸಾರ್ ಅನ್ನುತ್ತಾರೆ, ಇನ್ಯಾರೋ ನಗುತ್ತಾರೆ. ನನ್ನ ಪ್ರಕಾರ ಯಾವುದರ ಎಲುಬು ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದು, ಇದು ಯಾವ ಮಣ್ಣಿನದು ಎಂಬುದು. ಅದಕ್ಕೆ ಉತ್ತರವಿದ್ದರೆ ಪ್ರಾಣಿ ಯಾವುದೆಂಬ ಶೋಧ ಬಹುಪಾಲು ಮುಗಿದಂತೆ. ಅದಿಲ್ಲದಿದ್ದರೆ ಪರಿಣತರೂ ತಡವರಿಸುತ್ತಾರೆ.

ಧಾರವಾಡ ಜಿಲ್ಲೆಯ ಮಟ್ಟಿಗೆ ಈ ಮೊದಲ ಪ್ರಶ್ನೆ ಅರ್ಧ ಕೆಲಸವನ್ನು ಕೂತಲ್ಲೇ ಮುಗಿಸಿಕೊಡುತ್ತದೆ. ಇಲ್ಲಿನ ಎರೆಮಣ್ಣಿನ ಕೆಳಗಿರುವುದು ಧಾರವಾಡ ಶಿಲಾಸಮೂಹ. ಈ ಜಿಲ್ಲೆಯ ಹೆಸರನ್ನು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಿಗೆ ಸೇರಿಸಿದವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. ಈ ಬಂಡೆಗಳು 250 ಕೋಟಿ ವರ್ಷಗಳಿಗಿಂತಲೂ ಹಳೆಯವು. ಬೆನ್ನೆಲುಬುಳ್ಳ ಜೀವಿಗಳ ಅತಿ ಹಳೆಯ ಗುರುತುಗಳೇ ಸುಮಾರು 52 ಕೋಟಿ ವರ್ಷದ ಈಚಿನವು. ಚಿತ್ರದುರ್ಗದ ಕಡೆ ಇದೇ ಸಮೂಹದ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮೆಟೊಲೈಟ್‌ಗಳು ಸಿಗುತ್ತವೆ. ಎಲುಬು ಸಿಗುವುದಿಲ್ಲ, ಸಿಗುವಂತೆಯೂ ಇಲ್ಲ. ಬಾದಾಮಿ, ಬಾಗಲಕೋಟೆ ಕಡೆಯ ಕೆಂಪು ಮರಳುಗಲ್ಲುಗಳೂ ಪ್ರಾಣಿಗಳಿಗೆ ಬೆನ್ನೆಲುಬು ಮೂಡುವ ಮೊದಲಿನವೇ. ಹಾಗಾಗಿ ಸಂಶಿಯ ಬಾವಿಯ ಬಂಡೆಯೊಳಗೆ ಡೈನೋಸಾರ್ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ಆ ಎಲುಬನ್ನು ನೋಡುವ ಅಗತ್ಯವೇ ಇಲ್ಲ.

ಡೈನೋಸಾರ್ ಕಾಲದ ನೆಲ ಕರ್ನಾಟಕದಲ್ಲೂ ಇದೆ, ಆದರೆ ಉತ್ತರದ ಅಂಚಿನಲ್ಲಿ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ದಖನ್ ಲಾವಾ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ಹರಡಿದೆ, ಕುಂದಗೋಳದವರೆಗೆ ಬಂದಿಲ್ಲ. ಒಂದು ಲಾವಾ ಹರಿವಿಗೂ ಇನ್ನೊಂದಕ್ಕೂ ನಡುವೆ ಕೆರೆಕುಂಟೆಗಳ ಕೆಸರು ಪದರಾಗಿ ಉಳಿದಿರುತ್ತದೆ. ತೆಲಂಗಾಣದ ವಿಕಾರಾಬಾದ್ ಹತ್ತಿರದ ನಸ್ಕಲ್‌ನಲ್ಲಿ ಅಂಥ ಪದರಿನಿಂದಲೇ ಡೆಕ್ಕನೊಲೆಸ್ಟಿಸ್ ಎಂಬ ಪುಟ್ಟ ಸಸ್ತನಿ 1988ರಲ್ಲಿ ಬೆಳಕಿಗೆ ಬಂದಿತು. ಆದರೆ ಅಲ್ಲಿ ಸಿಗುವುದು ಮಣ್ಣನ್ನು ನೀರಿನಲ್ಲಿ ಜಾಲಿಸಿ ಸೂಕ್ಷ್ಮದರ್ಶಕದ ಕೆಳಗೆ ಹೆಕ್ಕಬೇಕಾದ ಮಿಲಿಮೀಟರ್ ಗಾತ್ರದ ಹಲ್ಲುಗಳು. ಜೆಸಿಬಿಯ ಬಕೆಟ್ಟಿನಲ್ಲಿ ಬಂದು ಬೀಳುವ ಮುಷ್ಟಿಗಾತ್ರದ ಮಣಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಸಂಶಿಯ ಮಣಿ ಮೂರರಲ್ಲಿ ಒಂದು. ಅಜ್ಜನ ಕಾಲದಲ್ಲೋ ಹೋದ ವರ್ಷವೋ ಸತ್ತು ಹೊಲದಲ್ಲೇ ಮಣ್ಣಾದ ದನದ್ದು. ಹಳೆಯ ಜನವಸತಿಯ ಹಾಳುದಿಣ್ಣೆಯದು. ಇಲ್ಲವೇ ಹಳ್ಳ-ಹೊಳೆಗಳು ಹತ್ತಾರು ಸಾವಿರ ವರ್ಷಗಳ ಹಿಂದೆ ಹಾಸಿಹೋದ ಮಣ್ಣು-ಗರಸಿನದು. ಮೂರನೆಯದು ಅಪರೂಪ, ಆದರೆ ಕಲ್ಪನೆಯಲ್ಲ. ಗೋಕಾಕದ ಹತ್ತಿರ, ತಾನು ಚಿಕ್‌ಡೌಲಿ ಎಂದು ಬರೆದ ಊರಿನ ಹಳ್ಳದಲ್ಲಿ ಫೂಟನಿಗೆ ಘೇಂಡಾಮೃಗದ ಎಲುಬು, ಹಲ್ಲುಗಳು ಸಿಕ್ಕವು. 1874ರಲ್ಲಿ ಆತ ಅದಕ್ಕೆ ರೈನೊಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟು ಪ್ರಕಟಿಸಿದ. ಇವತ್ತು ಅಸ್ಸಾಮಿಗೆ ಹೋಗಿ ನೋಡಬೇಕಾದ ಘೇಂಡಾಮೃಗದ ಬಳಗದ ಪ್ರಾಣಿ ಒಂದು ಕಾಲಕ್ಕೆ ಘಟಪ್ರಭೆಯ ಬಯಲಿನಲ್ಲಿ ಮೇಯುತ್ತಿತ್ತು. ಎರಡು ವರ್ಷದ ನಂತರ, 1876ರಲ್ಲಿ, ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಬಗ್ಗೆ ಆತ ಬರೆದ ದೊಡ್ಡ ಗ್ರಂಥ ಬಂತು. ಧಾರವಾಡ, ಬೆಳಗಾವಿ ಭಾಗದ ಕಲ್ಲುಮಣ್ಣುಗಳ ವಿವರಕ್ಕೆ ಇವತ್ತಿಗೂ ಅದನ್ನು ತೆರೆಯಬಹುದು. ಬೆಣ್ಣೆಹಳ್ಳ ಹೋಗಿ ಸೇರುವ ಮಲಪ್ರಭೆಯ ದಂಡೆಗಳನ್ನು ಆರ್.ವಿ. ಜೋಶಿ ಅಭ್ಯಾಸ ಮಾಡಿ 1955ರಲ್ಲಿ ಪುಸ್ತಕ ಬರೆದರು. ಇನ್ನೂ ಪೂರ್ವಕ್ಕೆ, ಸುರಪುರ ಸೀಮೆಯ ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಕೆ. ಪದ್ದಯ್ಯನವರು ದಶಕಗಳ ಕಾಲ ದುಡಿದರು. ಅಲ್ಲಿನ ಈಸಾಂಪುರದಲ್ಲಿ ಆದಿಮಾನವನ ಕಲ್ಲುಪಕರಣಗಳ ಜೊತೆ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲಿನ ಗಾಜುಪದರವನ್ನು ಪರೀಕ್ಷಿಸಿದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ. ಆ ಲೆಕ್ಕ ಬಂದದ್ದು ಹಲ್ಲಿನಿಂದ ಎಂಬುದನ್ನು ಗಮನಿಸಬೇಕು. ನಮ್ಮ ಬಿಸಿಲಿನ ನೆಲದಲ್ಲಿ ಮೂಳೆಯೊಳಗಿನ ಸಾವಯವ ಅಂಶ ಬೇಗ ಹೋಗಿಬಿಡುತ್ತದೆ. ಹಲ್ಲಿನ ಗಾಜು ತಾಳುತ್ತದೆ. ಮಣಿಯ ಪಕ್ಕದಲ್ಲಿ ಒಂದು ಮುರುಕು ಹಲ್ಲು ಬಿದ್ದಿದ್ದರೆ ಮಣಿಗಿಂತ ಅದಕ್ಕೆ ಬೆಲೆ ಹೆಚ್ಚು. ಹೆಕ್ಕುವವರು ಮಾತ್ರ ಅದನ್ನು ಅಲ್ಲೇ ಬಿಟ್ಟು ಬಂದಿರುತ್ತಾರೆ.

ಇನ್ನು ಎರೆಮಣ್ಣಿನ ಕಿತಾಪತಿ. ಬೇಸಿಗೆಯಲ್ಲಿ ಈ ಭೂಮಿ ಬಾಯಿ ಬಿಡುವುದನ್ನು ಸಂಶಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೀಟರಿಗಿಂತಲೂ ಆಳಕ್ಕೆ ಸೀಳುತ್ತದೆ. ಮೇಲಿನ ಪುಡಿಮಣ್ಣು, ಕಡ್ಡಿ, ಹೆಂಚಿನ ಚೂರು, ಎಲುಬು ಆ ಸೀಳಿನಲ್ಲಿ ಇಳಿಯುತ್ತವೆ. ಮಳೆ ಬಿದ್ದು ಮಣ್ಣು ಉಬ್ಬಿದಾಗ ಬಾಯಿ ಮುಚ್ಚುತ್ತದೆ. ಕೆಳಗಿನ ಮಣ್ಣು ಒತ್ತಡಕ್ಕೆ ಮೇಲೇಳುತ್ತದೆ, ಹರಳುಗಲ್ಲುಗಳು ನೆಲದ ಮೇಲೆ ತೇಲಿ ಬರುತ್ತವೆ. ಶತಮಾನಗಳ ಕಾಲ ಭೂಮಿ ತನ್ನನ್ನು ತಾನೇ ಹೀಗೆ ಉತ್ತುಕೊಳ್ಳುತ್ತದೆ. ಆದ್ದರಿಂದ ‘ನಾಲ್ಕು ಫೂಟು ಆಳದಾಗ ಸಿಕ್ಕೈತಿ, ಅಂದ್ರ ಭಾಳ ಹಳೇದು’ ಎಂಬ ತರ್ಕ ಎರೆಯಲ್ಲಿ ನಡೆಯುವುದಿಲ್ಲ. ಹತ್ತು ವರ್ಷದ ಹಿಂದೆ ಸತ್ತ ಹೋರಿಯ ಮಣಿಯೂ ನಾಲ್ಕು ಅಡಿಯಲ್ಲಿ ಸಿಗಬಹುದು, ನವಶಿಲಾಯುಗದ ಮಣಿ ರಂಟೆಯ ಮೊನೆಗೂ ಬರಬಹುದು. ಬಣ್ಣವನ್ನೂ ನಂಬುವಂತಿಲ್ಲ. ಎರೆಮಣ್ಣು ಎಲುಬನ್ನು ಕೆಲವೇ ವರ್ಷಗಳಲ್ಲಿ ಬೂದು, ಕಂದು, ಕಪ್ಪು ಮಾಡುತ್ತದೆ. ಈ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಾದ್ದರಿಂದ ಎಲುಬಿನ ಸುತ್ತ ಸುಣ್ಣದ ಹೆಕ್ಕಳೆ ಕಟ್ಟಿ ತೂಕವೂ ಹೆಚ್ಚುತ್ತದೆ. ಇಷ್ಟು ಸಾಲದೆಂಬಂತೆ ಎಲುಬೇ ಅಲ್ಲದ ಸುಣ್ಣದ ಹರಳುಗಳು ಗಂಟುಗಂಟಾಗಿ ಬೆಳೆದು ಬೆರಳಿನ ಎಲುಬನ್ನೋ ಮಣಿಯನ್ನೋ ಹೋಲುತ್ತವೆ. ಒಡೆದ ಕಡೆ ಭೂತಗನ್ನಡಿ ಹಿಡಿದು ನೋಡಿದರೆ ಸುಣ್ಣದ ಹರಳು ಒಳಗೆಲ್ಲ ಒಂದೇ ಹಿಟ್ಟು. ಮೂಳೆಗಾದರೆ ಹೊರಗೆ ಗಟ್ಟಿ ಕವಚ, ಒಳಗೆ ಸಣ್ಣ ಸಣ್ಣ ಗೂಡು. ಒಂದು ಹನಿ ನಿಂಬೆರಸಕ್ಕೆ ಸುಣ್ಣದ ಹರಳು ಬುರುಗುಟ್ಟುತ್ತದೆ. ಎಲುಬು ಸುಣ್ಣ ಮೆತ್ತಿದಲ್ಲಿ ಮಾತ್ರ ಬುರುಗುಟ್ಟೀತು.

ಕಲ್ಲಾಗಿದೆಯೇ ಇಲ್ಲವೇ ಎಂದು ತಿಳಿಯಲು ಹವ್ಯಾಸಿಗಳಲ್ಲಿ ಇನ್ನೆರಡು ಪರೀಕ್ಷೆಗಳಿವೆ. ಒಂದು, ನಾಲಿಗೆಗೆ ತಾಗಿಸುವುದು. ಅಂಟಿದರೆ ಹಳೆಯ ಎಲುಬು ಎನ್ನುತ್ತಾರೆ. ಅಂಟುವುದು ಮೂಳೆಯಲ್ಲಿ ಸಣ್ಣ ರಂಧ್ರಗಳಿರುವುದಕ್ಕೆ. ಒಣಗಿದ ಇತ್ತೀಚಿನ ಎಲುಬೂ ಅಂಟುತ್ತದೆ, ಖನಿಜ ತುಂಬಿ ಪೂರ್ತಿ ಕಲ್ಲಾದದ್ದು ಅಂಟದೆಯೂ ಇರಬಹುದು. ಎಲ್ಲಿಂದಲೋ ಬಂದ ಸತ್ತ ದನದ ಎಲುಬನ್ನು ನಾಲಿಗೆಗೆ ತಾಗಿಸುವ ಪರೀಕ್ಷೆ ನನಗಂತೂ ಒಗ್ಗುವುದಿಲ್ಲ. ಇನ್ನೊಂದು, ಕಾಸಿದ ಸೂಜಿ. ಎಲುಬಿನ ಮರೆಯ ಜಾಗಕ್ಕೆ ಕೆಂಪಗೆ ಕಾದ ಸೂಜಿ ಒತ್ತಿದಾಗ ಕೂದಲು ಸುಟ್ಟ ವಾಸನೆ ಬಂದರೆ ಒಳಗೆ ಕೊಲ್ಲಾಜೆನ್ ಎಂಬ ಸಾವಯವ ಅಂಶ ಉಳಿದಿದೆ ಎಂದರ್ಥ. ನಮ್ಮ ಹವೆಯಲ್ಲಿ ಅದು ಹೊಸ ಎಲುಬಿನ ಲಕ್ಷಣ. ವಾಸನೆ ಬಾರದಿದ್ದ ಮಾತ್ರಕ್ಕೆ ಲಕ್ಷ ವರ್ಷ ಹಳೆಯದಾಗುವುದಿಲ್ಲ. ಒಟ್ಟಿನಲ್ಲಿ ಈ ಪರೀಕ್ಷೆಗಳು ಹೊಸದನ್ನು ಹೊಸದೆಂದು ಹೇಳುತ್ತವೆ, ಹಳೆಯದರ ವಯಸ್ಸನ್ನು ಹೇಳುವುದಿಲ್ಲ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಬೆನ್ನುಮಣಿಯನ್ನು ಓದುವವರು ಮೊದಲು ನೋಡುವುದು ಮುಳ್ಳನ್ನಲ್ಲ, ರೆಕ್ಕೆಯನ್ನಲ್ಲ. ಅವು ಮುರಿದಿರುತ್ತವೆ. ತೂತಿನ ಕೆಳಗಿರುವ ಗುಂಡನೆಯ ಮುಖ್ಯ ಭಾಗದ ಎರಡು ತುದಿಗಳನ್ನು ನೋಡುತ್ತಾರೆ. ಹಿಂದುಮುಂದಿನ ಮಣಿಗಳಿಗೆ ಕೂಡುವ ಆ ಮುಖಗಳು ತಗ್ಗಾಗಿವೆಯೇ, ಉಬ್ಬಿವೆಯೇ, ಚಪ್ಪಟೆಯೇ ಎಂಬುದರಲ್ಲಿ ಕುಲಗೋತ್ರ ಅಡಗಿದೆ. ಎರಡೂ ಕಡೆ ಆಳವಾದ ಬಟ್ಟಲಿನಂತಿದ್ದು ಡಮರುಗದ ಆಕಾರ ಬಂದಿದ್ದರೆ ಮೀನು. ಬಟ್ಟಲಿನೊಳಗೆ ಬೆಳವಣಿಗೆಯ ಉಂಗುರಗಳೂ ಕಾಣುತ್ತವೆ. ಶಾರ್ಕಿನದು ಮೃದ್ವಸ್ಥಿಗೆ ಸುಣ್ಣ ಕೂಡಿ ಗಟ್ಟಿಯಾದದ್ದು. ಕಮಾನು, ಮುಳ್ಳು ಯಾವುದೂ ಇಲ್ಲದೆ ಬರೀ ದುಂಡು ಬಿಲ್ಲೆಯಾಗಿ ಸಿಗುತ್ತದೆ. ಮುಂದೆ ತಗ್ಗು, ಹಿಂದೆ ಉಬ್ಬು ಇದ್ದರೆ ಇಂದಿನ ಮೊಸಳೆ, ಹಲ್ಲಿ-ಉಡ, ಹಾವು, ಅಥವಾ ಅಳಿದುಹೋದ ಕಡಲುಡ ಮೊಸಸಾರ್. ಹಾವಿನಲ್ಲಿ ಇದರ ಮೇಲೆ ಇನ್ನೊಂದು ಜೋಡಣೆಯಿದೆ. ಕಮಾನಿನ ಮುಂದೆ ಒಂದು ಗೂಟ, ಹಿಂದೆ ಅದು ಕೂರುವ ಗುಳಿ. ಮೈಯೆಲ್ಲ ಬಳುಕುವ ಪ್ರಾಣಿಯ ಮಣಿಗಳು ತಿರುಚಿ ಕಳಚದಂತೆ ತಡೆಯುವುದು ಈ ಗೂಟವೇ. ಹಕ್ಕಿಯ ಕುತ್ತಿಗೆಯ ಮಣಿಯ ಮುಖ ಒಂದು ದಿಕ್ಕಿಗೆ ತಗ್ಗು, ಇನ್ನೊಂದಕ್ಕೆ ಉಬ್ಬು. ಸಸ್ತನಿಗಳದು ಸಾಮಾನ್ಯವಾಗಿ ಚಪ್ಪಟೆ.

ಸಾಮಾನ್ಯವಾಗಿ ಎಂದೆ. ಹೊಲದಲ್ಲಿ ಸಿಕ್ಕ ಮಣಿಗಳು ಡೈನೋಸಾರ್ ಆಗುವುದು ಈ ಸಾಮಾನ್ಯಕ್ಕೆ ಹೊರತಾದ ಒಂದು ಜಾಗದಲ್ಲಿ, ದನದ ಕುತ್ತಿಗೆಯಲ್ಲಿ. ದನ, ಎಮ್ಮೆ, ಕುದುರೆಯಂಥ ಗೊರಸಿನ ಪ್ರಾಣಿಗಳ ಕುತ್ತಿಗೆಯ ಮಣಿಗಳಲ್ಲಿ ಮುಂದಿನ ಮುಖ ಗುಂಡಾಗಿ ಉಬ್ಬಿ, ಹಿಂದಿನದು ಬಟ್ಟಲಿನಂತೆ ತಗ್ಗಾಗಿರುತ್ತದೆ. ಪುಸ್ತಕದಲ್ಲಿ ಸಸ್ತನಿಯ ಮಣಿ ಚಪ್ಪಟೆ ಎಂದು ಓದಿದವರು ಇದನ್ನು ಕಂಡು ಸರೀಸೃಪ ಎನ್ನುತ್ತಾರೆ. ರೆಕ್ಕೆಯ ಬುಡದಲ್ಲಿ ರಕ್ತನಾಳ ಹಾಯುವ ತೂತು ಬೇರೆ ಇರುತ್ತದೆ. ಅದು ಕಣ್ಣಿನ ಗುಳಿಯಂತೆ ಕಂಡು ಇಡೀ ಮಣಿಯನ್ನೇ ಯಾವುದೋ ಪ್ರಾಣಿಯ ತಲೆ ಎಂದುಕೊಂಡವರೂ ಇದ್ದಾರೆ. ಕುತ್ತಿಗೆಯ ಮೊದಲ ಮಣಿ ಬರೀ ಬಳೆ, ಎರಡೂ ಪಕ್ಕಕ್ಕೆ ಅಗಲ ರೆಕ್ಕೆ. ಎರಡನೆಯದಕ್ಕೆ ಮುಂದಕ್ಕೆ ಚಾಚಿದ ಹಲ್ಲಿನಂಥ ಚಾಚು. ಈ ಎರಡನ್ನು ಒಮ್ಮೆ ನೋಡಿಟ್ಟುಕೊಂಡವರು ಮುಂದೆ ಮೋಸ ಹೋಗುವುದಿಲ್ಲ.

ಎಳೆಯ ಪ್ರಾಣಿಯದು ಇನ್ನೊಂದು ತಕರಾರು. ಸಸ್ತನಿಗಳಲ್ಲಿ ಮಣಿಯ ಎರಡೂ ತುದಿಗಳಿಗೆ ತೆಳು ಬಿಲ್ಲೆಯಂಥ ಮೂಳೆ ಬೇರೆಯಾಗಿ ಬೆಳೆದು ಆಮೇಲೆ ಬೆಸೆದುಕೊಳ್ಳುತ್ತದೆ. ದನದಲ್ಲಿ ಈ ಬೆಸುಗೆ ಮುಗಿಯಲು 7ರಿಂದ 9 ವರ್ಷ ಬೇಕು. ಅದಕ್ಕೂ ಮೊದಲು ಸತ್ತ ದನದ ಬಿಲ್ಲೆಗಳು ಮಣ್ಣಿನಲ್ಲಿ ಉದುರಿಹೋಗಿ, ಮಣಿಯ ತುದಿಯಲ್ಲಿ ನಡುವಿನಿಂದ ಅಂಚಿಗೆ ಹರಿಯುವ ಗೀರುಗಳು ಕಾಣುತ್ತವೆ. ನೋಡಿದವರಿಗೆ ಬೇರೆಯೇ ಪ್ರಾಣಿ ಅನ್ನಿಸುತ್ತದೆ. ಆದರೆ ಬಿಲ್ಲೆ ಉದುರಿದ ಗುರುತು ಇತ್ತೆಂದರೆ ಅದು ಸಸ್ತನಿಯೇ, ಸರೀಸೃಪವಲ್ಲ. ಕಡಲತೀರದಲ್ಲಿ ಸಿಗುವ ತಿಮಿಂಗಿಲದ ಭಾರಿ ಮಣಿಗಳಲ್ಲೂ ಇದೇ ಗುರುತು ಇರುತ್ತದೆ.

ದನ, ಕುದುರೆಗಳ ನಡುವೆ ತೀರ್ಮಾನ ಮಾಡಬೇಕಾದಾಗ ಸೊಂಟದ ಕೊನೆಯ ಮಣಿಗಳು ಸಹಾಯಕ್ಕೆ ಬರುತ್ತವೆ. ಕುದುರೆಯಲ್ಲಿ ಅವುಗಳ ರೆಕ್ಕೆಗಳೇ ಒಂದಕ್ಕೊಂದು ಕೀಲು ಕೂಡುತ್ತವೆ, ರೆಕ್ಕೆಯ ಅಂಚಿನಲ್ಲಿ ನುಣುಪಾದ ಕೀಲಿನ ಗುರುತು ಇರುತ್ತದೆ. ದನದಲ್ಲಿ ಅದಿಲ್ಲ. ಎದೆಭಾಗದ ಮಣಿಗಳು ದನಕ್ಕೆ 13, ಕುದುರೆಗೆ 18. ದನದ ಎದೆಮಣಿಯ ಪಕ್ಕದಲ್ಲಿ ನರ ಹೊರಬರಲು ಪ್ರತ್ಯೇಕ ತೂತೇ ಇರುತ್ತದೆ. ಇವೆಲ್ಲಕ್ಕಿಂತ ನಮ್ಮ ನಾಡಿಗೆ ಹತ್ತಿರವಾದ ಗುರುತು ಇನ್ನೊಂದಿದೆ. ಹಿಣಿಲುಳ್ಳ ನಮ್ಮ ದನಗಳಲ್ಲಿ ಎದೆಭಾಗದ ಕೆಲವು ಮಣಿಗಳ ಮುಳ್ಳು ತುದಿಯಲ್ಲಿ ಎರಡಾಗಿ ಸೀಳಿರುತ್ತದೆ. ನವಶಿಲಾಯುಗದ ದನ ಹಿಣಿಲಿನ ತಳಿಯೇ ಎಂದು ತಿಳಿಯಲು ಪುರಾತತ್ತ್ವದವರು ಆಶ್ರಯಿಸುವ ಎಲುಬಿನ ಸಾಕ್ಷಿಗಳಲ್ಲಿ ಇದು ಮುಖ್ಯವಾದದ್ದು. ಹಿಣಿಲು ಬರೀ ಮಾಂಸದ್ದು, ಮಣ್ಣಿನಲ್ಲಿ ಉಳಿಯುವುದಿಲ್ಲ. ಸೀಳಿದ ಮುಳ್ಳು ಉಳಿಯುತ್ತದೆ. ಆದರೂ ಅಂಥ ಒಂದೇ ಒಂದು ಮಣಿಯ ಮೇಲೆ ಯಾರೂ ಪ್ರಬಂಧ ಕಟ್ಟುವುದಿಲ್ಲ.

ಎಲುಬು ಗುರುತಿಸುವುದರ ಮೇಲೆ ಎಂಥ ವಾದಗಳು ನಿಲ್ಲಬಹುದು ಎಂಬುದಕ್ಕೆ ಧಾರವಾಡದ ಸೀಮೆಯಲ್ಲೇ ಉದಾಹರಣೆಯಿದೆ. ಈಗಿನ ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1965ರಲ್ಲಿ ಉತ್ಖನನ ಮಾಡಿದರು. ವರದಿ 1971ರಲ್ಲಿ ಧಾರವಾಡದಿಂದ ಹೊರಬಂದಿತು. ಅಲ್ಲಿನ ಪ್ರಾಣಿಗಳ ಎಲುಬುಗಳನ್ನು ನೋಡಿಕೊಟ್ಟವರು ಕೆ.ಆರ್. ಆಲೂರ. ಅವರು ಪಶುವೈದ್ಯರು. ಎಲುಬುಗಳಲ್ಲಿ ಕುದುರೆಯದೂ ಇದೆ ಎಂದರು. ಆ ಎಲುಬು ಸಿಕ್ಕ ಪದರಿನ ಕಾಲಕ್ಕೇ ದಕ್ಷಿಣದಲ್ಲಿ ಕುದುರೆ ಇದ್ದಿತೆಂದರೆ ಆರ್ಯರು ಕುದುರೆ ತಂದರೆಂಬ ಲೆಕ್ಕಾಚಾರಕ್ಕೆ ತೊಡಕು. ಗುರುತಿಸುವಿಕೆಯೇ ತಪ್ಪಿರಬೇಕು ಎಂಬ ಆಕ್ಷೇಪ ಬಂತು. ಆಲೂರರು ತಮ್ಮ ಮಾತಿಗೆ ಅಂಟಿಕೊಂಡರು. ಕಛ್‌ನ ಸುರ್ಕೋಟಡಾದ ಎಲುಬುಗಳ ಬಗ್ಗೆಯೂ ಇದೇ ಜಗಳ. ಹಂಗೇರಿಯ ಶಾಂಡೋರ್ ಬೊಕೊನಿ ಅವನ್ನು ನೋಡಿ ಸಾಕಿದ ಕುದುರೆಯದೇ ಎಂದರೆ, ಅಮೆರಿಕದ ರಿಚರ್ಡ್ ಮೆಡೋ ಒಪ್ಪಲಿಲ್ಲ. ಕಾಡುಗತ್ತೆ ಆಗಿರಬಹುದು ಎಂದರು. ಇಬ್ಬರೂ ಜಗತ್ತು ಒಪ್ಪಿದ ಪರಿಣತರು. ಆರ್ಯರ ಪ್ರಶ್ನೆಯಲ್ಲಿ ಯಾರು ಗೆದ್ದರು ಎಂಬುದು ಈ ಲೇಖನದ ವಿಷಯವಲ್ಲ. ನನಗೆ ಮುಖ್ಯವಾಗಿ ಕಾಣುವುದು ಇಷ್ಟು: ಹಳ್ಳೂರಿನ ಎಲುಬುಗಳ ಬಗ್ಗೆ ವಾದ ಸಾಧ್ಯವಾದದ್ದೇ ಅವು ಯಾವ ಪದರಿನಲ್ಲಿ, ಯಾವುದರ ಜೊತೆ ಸಿಕ್ಕವು ಎಂದು ಬರೆದಿಟ್ಟಿದ್ದರಿಂದ. ಅದೇ ಎಲುಬು ಯಾರದೋ ಮನೆಯ ಶೋಕೇಸಿನಲ್ಲಿದ್ದರೆ ಅದು ಕುದುರೆಯದೇ ಆದರೂ ಯಾವ ವಾದಕ್ಕೂ ಬಾರದು.

ಪರಿಣತರು ಎಡವಿದ ಕಥೆಗಳಲ್ಲಿ ಬೆನ್ನುಮಣಿಯ ಪಾತ್ರ ದೊಡ್ಡದು. ಅಮೆರಿಕದ ಎಡ್ವರ್ಡ್ ಕೋಪ್ ಕಾನ್ಸಾಸಿನ ಎಲಾಸ್ಮೊಸಾರಸ್ ಎಂಬ ಕಡಲ ಸರೀಸೃಪದ ಮಣಿಗಳನ್ನು ಜೋಡಿಸಿ, ಉದ್ದ ಕುತ್ತಿಗೆಯನ್ನು ಬಾಲವೆಂದು ಬಗೆದು ತಲೆಯನ್ನು ಬಾಲದ ತುದಿಗೆ ಕೂರಿಸಿದ. 1870ರಲ್ಲಿ ಜೋಸೆಫ್ ಲೈಡಿ ಅದನ್ನು ಎತ್ತಿ ತೋರಿಸಿದ. ಗುಜರಾತಿನ ಧೋಳಿ ಡುಂಗ್ರಿಯಲ್ಲಿ 1980ರ ದಶಕದಲ್ಲಿ ಧನಂಜಯ ಮೊಹಬೆ ಅವರಿಗೆ ಡೈನೋಸಾರ್ ಮೊಟ್ಟೆಗಳ ಜೊತೆ ಸಣ್ಣ ಎಲುಬುಗಳು ಸಿಕ್ಕವು. ಮೊಟ್ಟೆಯ ಪಕ್ಕ ಇದ್ದದ್ದು ಮರಿಯೇ ಎಂದು ತಿಳಿಯುವುದು ಸಹಜ. 2001ರಲ್ಲಿ ಜೆಫ್ರಿ ವಿಲ್ಸನ್ ಆ ಮಣಿಗಳಲ್ಲಿ ಹಾವಿನ ಜೋಡಣೆಯನ್ನು ಕಂಡರು. ಗೂಡಿಗೆ ನುಗ್ಗಿ ಮೊಟ್ಟೆಯೊಡೆದು ಬಂದ ಮರಿಯನ್ನು ನುಂಗಲು ಹೊಂಚಿದ್ದ ಮೂರೂವರೆ ಮೀಟರಿನ ಹಾವು ಅದು. 2010ರಲ್ಲಿ ಸನಾಜೇ ಇಂಡಿಕಸ್ ಎಂದು ಹೆಸರಾಯಿತು. ಕಛ್‌ನ ಪಾನಂದ್ರೊ ಲಿಗ್ನೈಟ್ ಗಣಿಯಲ್ಲಿ 2005ರಲ್ಲಿ ಸಿಕ್ಕ 27 ಮಣಿಗಳು ಗಾತ್ರದಿಂದಾಗಿ ಮೊಸಳೆ ಎಂದೇ ವರ್ಷಗಟ್ಟಲೆ ಐಐಟಿ ರೂರ್ಕಿಯಲ್ಲಿ ಇದ್ದವು. ಮೆತ್ತಿದ ಮಣ್ಣು ಬಿಡಿಸಿ ನೋಡಿದ ದೇಬಜಿತ್ ದತ್ತ ಮತ್ತು ಸುನಿಲ್ ಬಾಜಪೇಯಿ 2024ರಲ್ಲಿ ಅದಕ್ಕೆ ವಾಸುಕಿ ಇಂಡಿಕಸ್ ಎಂದು ಹೆಸರಿಟ್ಟರು. 11ರಿಂದ 15 ಮೀಟರ್ ಉದ್ದದ ಹಾವು, ಸುಮಾರು 4.7 ಕೋಟಿ ವರ್ಷದ್ದು. ಕೊಲಂಬಿಯಾದ ಕಲ್ಲಿದ್ದಲು ಗಣಿಯ ಟೈಟಾನೊಬೋವಾ ಹಾವು ಕೂಡ ಮೊದಲು ಮೊಸಳೆಯ ಲೇಬಲ್ ಹೊತ್ತಿತ್ತು. ಮೂರು ಹಾವುಗಳನ್ನೂ ಕೊನೆಗೆ ಬಿಡಿಸಿ ತೋರಿಸಿದ್ದು ಮಣಿಯ ಆಕಾರವೇ. ಆದರೆ ಆ ಮಣಿಗಳು ಯಾವ ಜಾಗದ ಯಾವ ಪದರಿನವು ಎಂಬುದು ಆಗಲೇ ದಾಖಲಾಗಿದ್ದರಿಂದಲೇ ಹೆಸರು ಬದಲಾದರೂ ಅವುಗಳ ಬೆಲೆ ಕುಂದಲಿಲ್ಲ.

ಹವ್ಯಾಸಿಯೇ ಹೆಕ್ಕಿದ ಮಣಿಯ ಭಾರತೀಯ ಕಥೆ ಇನ್ನೂ ಹಳೆಯದು. ಠಗ್ಗರನ್ನು ಅಡಗಿಸಿದವನೆಂದು ಹೆಸರಾದ ವಿಲಿಯಂ ಸ್ಲೀಮನ್ 1828ರಲ್ಲಿ ಜಬಲ್ಪುರದ ಬಾರಾ ಸಿಮ್ಲಾ ಗುಡ್ಡದಲ್ಲಿ ಬಾಲದ ಮಣಿಗಳನ್ನು ಹೆಕ್ಕಿದ. ಅವು ಸ್ಪಿಲ್ಸ್‌ಬರಿ ಎಂಬ ವೈದ್ಯನ ಕೈ ಸೇರಿ, ಅವನಿಂದ 1832ರಲ್ಲಿ ಕಲ್ಕತ್ತೆಯ ಜೇಮ್ಸ್ ಪ್ರಿನ್ಸೆಪ್‌ಗೆ ಹೋದವು. ಡೈನೋಸಾರ್ ಎಂಬ ಹೆಸರೇ ಆಗಿನ್ನೂ ಹುಟ್ಟಿರಲಿಲ್ಲ. 1877ರಲ್ಲಿ ರಿಚರ್ಡ್ ಲೈಡೆಕರ್ ಅವುಗಳ ಮೇಲೆ ಟೈಟಾನೊಸಾರಸ್ ಇಂಡಿಕಸ್ ಎಂಬ ಹೆಸರು ಕಟ್ಟಿದ. ಮುಂದೆ ಮಣಿಗಳೇ ಕಾಣೆಯಾಗಿ ಬಹುಕಾಲದ ನಂತರ ಕೊಲ್ಕತ್ತಾದ ಸಂಗ್ರಹದಲ್ಲೇ ಪತ್ತೆಯಾದವು. ಲೈಡೆಕರ್ ವಿಶಿಷ್ಟವೆಂದು ಎಣಿಸಿದ ಲಕ್ಷಣ, ಬಾಲದ ಮಣಿಯ ಮುಂದೆ ತಗ್ಗು ಹಿಂದೆ ಉಬ್ಬು, ಆ ಇಡೀ ಬಳಗದಲ್ಲೇ ಇದೆ ಎಂದು ತಿಳಿದುಬಂದು 2003ರಲ್ಲಿ ಆ ಪ್ರಭೇದದ ಹೆಸರು ಊರ್ಜಿತವಲ್ಲ ಎಂಬ ತೀರ್ಮಾನವಾಯಿತು. ಒಂದೆರಡು ಮಣಿಗಳ ಮೇಲೆ ಪ್ರಭೇದದ ಹೆಸರು ಹೇಳುವುದು ಎಷ್ಟು ಅಪಾಯದ್ದೆಂದು ತೋರಿಸಲು ಇದಕ್ಕಿಂತ ಬೇರೆ ಪುರಾವೆ ಬೇಡ. ತಮಿಳುನಾಡಿನ ಕಲ್ಲಮೇಡುವಿನಲ್ಲಿ ಸಿಕ್ಕು 1980ರ ದಶಕದಲ್ಲಿ ಬೃಹತ್ಕಾಯೊಸಾರಸ್ ಎಂಬ ಹೆಸರು ಪಡೆದ ದೈತ್ಯ ಎಲುಬುಗಳು ತೇವಕ್ಕೆ ಪುಡಿಯಾಗಿಹೋದವು. ಮರದ ಬೊಡ್ಡೆಯನ್ನು ಎಲುಬೆಂದರೋ ಏನೋ ಎಂಬ ಗುಮಾನಿ ದಶಕಗಳ ಕಾಲ ಉಳಿಯಿತು. 2022ರಲ್ಲಿ ಹಳೆಯ ಫೋಟೊಗಳು ಪ್ರಕಟವಾದ ಮೇಲೆಯೇ ಅವು ಎಲುಬುಗಳೇ ಎಂಬ ಮಾತಿಗೆ ಬಲ ಬಂದದ್ದು.

ಇನ್ನು ಕೊಂಡ ಮಣಿಗಳು. ಪಳೆಯುಳಿಕೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ನಮಗೆ ಹೊಸದಲ್ಲ. ಧಾರವಾಡ ಸೀಮೆಯ ವೈಷ್ಣವರ ದೇವರ ಪೆಟ್ಟಿಗೆಯ ಶಾಲಿಗ್ರಾಮ ನೇಪಾಳದ ಗಂಡಕಿಯಲ್ಲಿ ಸಿಗುವ, ಅಮ್ಮೊನೈಟ್ ಎಂಬ ಕಡಲಜೀವಿಯ ಅಚ್ಚುಳ್ಳ ಕಲ್ಲು. ಆದರೆ ಶಾಲಿಗ್ರಾಮಕ್ಕೆ ಗಂಡಕಿ ಎಂಬ ನೆಲೆ ಉಂಟು. ಹುಬ್ಬಳ್ಳಿಗೋ ಬೆಂಗಳೂರಿಗೋ ಕೊರಿಯರಿನಲ್ಲಿ ಬರುವ ‘ಡೈನೋಸಾರ್ ಬೆನ್ನುಮೂಳೆ’ಗೆ ಅದೂ ಇರುವುದಿಲ್ಲ. ಮಾರುಕಟ್ಟೆಗೆ ಇಂಥ ಮಣಿಗಳನ್ನು ಧಾರಾಳವಾಗಿ ಒದಗಿಸುವುದು ಮೊರಾಕೊ. ಅಲ್ಲಿನ ಖೌರಿಬ್ಗಾ ಸುತ್ತಲ ಫಾಸ್ಫೇಟ್ ಗಣಿಗಳಲ್ಲಿ ಶಾರ್ಕ್, ಮೊಸಸಾರ್ ಮಣಿಗಳು ಹೇರಳ. ಅಲ್ಲಿನದೇ ಕೆಮ್ ಕೆಮ್ ಪದರುಗಳಿಂದ ಸ್ಪೈನೊಸಾರಸ್ ಎಂಬ ಡೈನೋಸಾರಿನ ಹೆಸರಿನಲ್ಲಿ ಮಾರುವ ಎಲುಬುಗಳು ಬರುತ್ತವೆ. ಮೊಸಳೆ, ಮೀನಿನ ಮಣಿಗೂ ಅದೇ ಲೇಬಲ್ ಅಂಟಿಸಿದರೆ ಬೆಲೆ ಏರುತ್ತದೆ. ಎಲುಬು ನಿಜವಾದದ್ದೇ ಇದ್ದು ಲೇಬಲ್ ಸುಳ್ಳಾಗಿರುವುದು, ಪೂರ್ತಿ ನಕಲಿಗಿಂತ ಸಾಮಾನ್ಯ ಮೋಸ. ಇನ್ನೊಂದು, ಎರಡು ಮೂರು ಪ್ರಾಣಿಗಳ ಮುರುಕುಗಳನ್ನು ಅಂಟು-ಮರಳಿನಲ್ಲಿ ಕೂಡಿಸಿ ಒಂದು ಸೊಗಸಾದ ಮಣಿ ಮಾಡುವುದು. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚು ಹಾಯಿಸಿದರೆ ಅನೇಕ ಬಗೆಯ ಅಂಟು ಬೇರೆಯಾಗಿ ಹೊಳೆಯುತ್ತದೆ. ಭೂತಗನ್ನಡಿಗೆ ಗಾಳಿಗುಳ್ಳೆ ಕಂಡರೆ ಅದು ರಾಳ. ಮುಳ್ಳು, ರೆಕ್ಕೆ ಎಲ್ಲವೂ ಚೊಕ್ಕವಾಗಿರುವ ಮಣಿ ಅಗ್ಗಕ್ಕೆ ಬಂದರೆ ಅನುಮಾನಿಸಲೇಬೇಕು.

ಕೊಂಡ ಮಣಿಯ ಗುರುತಿಸುವಿಕೆ ಬಹುತೇಕ ‘ಇಂಥ ಬಳಗದ್ದು’ ಎನ್ನುವಲ್ಲಿಗೆ ನಿಲ್ಲುತ್ತದೆ. ಅದಕ್ಕಿಂತ ಮುಂದೆ ಹೋಗುವ ಮಾರಾಟಗಾರನ ಮಾತಿಗೆ ನಾನಂತೂ ದುಡ್ಡು ಕೊಡಲಾರೆ. ಕಾನೂನಿನ ಮಾತೂ ಇದೆ. ಪಳೆಯುಳಿಕೆಗಳ ರಕ್ಷಣೆಯೂ ಸೇರಿದ ಭೂಪರಂಪರೆ ತಾಣಗಳ ಮಸೂದೆಯ ಕರಡನ್ನು ಕೇಂದ್ರ ಗಣಿ ಸಚಿವಾಲಯ 2022ರಲ್ಲಿ ಪ್ರಕಟಿಸಿತು. ಹವ್ಯಾಸಿಗೆ ನಿಜವಾದ ಗಂಡಾಂತರ ಬೇರೆ ಕಡೆಯಿಂದ. ಹಳೆಯದೆಂದು ಕೊಂಡ ಎಲುಬು ಕಾಡುಪ್ರಾಣಿಯ ಇತ್ತೀಚಿನ ಎಲುಬಾಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಆಗ ‘ಪಳೆಯುಳಿಕೆ ಅಂದುಕೊಂಡಿದ್ದೆ’ ಎಂಬ ಮಾತು ಎಷ್ಟರಮಟ್ಟಿಗೆ ನಡೆದೀತು ಎಂದು ಹೇಳಲಾಗದು.

ಯಾರನ್ನು ಕೇಳಬೇಕು? ಸಂಶಿಯಲ್ಲಿ ಮೊದಲು ದನದ ದವಾಖಾನಿ, ಇಲ್ಲವೇ ಕುರಿ ಕಡಿಯುವವರು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಹಳ್ಳೂರಿನ ಎಲುಬು ಓದಿದ್ದೂ ಪಶುವೈದ್ಯರೇ. ಸಿಕ್ಕಿದ್ದರಲ್ಲಿ ಬಹುಪಾಲು ದನ, ಎಮ್ಮೆ, ಕುರಿ, ನಾಯಿ ಎಂದು ಅಲ್ಲಿಯೇ ಇತ್ಯರ್ಥವಾಗುತ್ತದೆ. ಅವರೂ ತಲೆಯಾಡಿಸಿದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ, ಪ್ರಾಣಿವಿಜ್ಞಾನ, ಪುರಾತತ್ತ್ವ ಮೂರೂ ಒಂದೇ ಆವರಣದಲ್ಲಿವೆ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪುರಾತನ ಪ್ರಾಣಿಗಳ ಎಲುಬನ್ನೇ ಓದುವ ಪ್ರಯೋಗಾಲಯವಿದೆ. ಅವರ ಮುಂದೆ ಇಡಬೇಕಾದದ್ದು ಒಂದು ಓರೆ ಫೋಟೊ ಅಲ್ಲ. ಮುಂದೆ, ಹಿಂದೆ, ಎರಡು ಪಕ್ಕ, ಮೇಲೆ, ಕೆಳಗೆ ಆರೂ ಕಡೆಯಿಂದ ತೆಗೆದದ್ದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಎಲುಬನ್ನು ತಿಕ್ಕಿ ತೊಳೆಯಬಾರದು. ಗುಳಿಯಲ್ಲಿ ಮೆತ್ತಿದ ಮಣ್ಣು ಅದು ಯಾವ ಪದರಿನದೆಂದು ಹೇಳುವ ಸಾಕ್ಷಿ. ಫೆವಿಕಾಲ್, ವಾರ್ನಿಷ್ ಹಚ್ಚಿದರೆ ಮುಂದಿನ ಪರೀಕ್ಷೆಗಳು ಕೆಡುತ್ತವೆ.

ದಂಡೆಯಲ್ಲಿ ಇನ್ನೂ ಸಿಕ್ಕಿಕೊಂಡಿರುವ ಎಲುಬನ್ನಂತೂ ಕೀಳಬಾರದು. ಅದು ಎರೆಮಣ್ಣಿನಲ್ಲಿದೆಯೋ, ಅದರ ಕೆಳಗಿನ ಹಳದಿ ಮಣ್ಣಿನಲ್ಲಿದೆಯೋ, ಇನ್ನೂ ಕೆಳಗೆ ಸುಣ್ಣ ಹಿಡಿದು ಗಟ್ಟಿಯಾದ ಗರಸಿನಲ್ಲಿದೆಯೋ ಎಂದು ದೂರದಿಂದ ಒಂದು ಫೋಟೊ, ಹತ್ತಿರದಿಂದ ಒಂದು, ಮೊಬೈಲಿನಲ್ಲಿ ಜಾಗದ ಗುರುತು. ಮೇಲಿನ ಎರೆಯಲ್ಲಿದ್ದರೆ ಅದು ಗೌಡರ ಮನೆಯ ಹಳೆಯ ಎತ್ತು ಇರಬಹುದು. ಗಟ್ಟಿ ಗರಸಿನೊಳಗೆ, ಸೀಳಿನ ಗುರುತಿಲ್ಲದ ಕಡೆ ಹುದುಗಿದ್ದರೆ ಫೂಟ್ ಗೋಕಾಕದಲ್ಲಿ ಕಂಡ ಘೇಂಡಾಮೃಗದ ಕಾಲದ್ದೂ ಆಗಿರಬಹುದು, ಮತ್ತು ಅಂಥದ್ದಕ್ಕೆ ಧಾರವಾಡದಿಂದ ಜನ ಬಂದು ನೋಡುವವರೆಗೆ ಕಾಯುವುದು ಒಳ್ಳೆಯದು, ಮಳೆಗಾಲ ಹತ್ತಿರವಿಲ್ಲದಿದ್ದರೆ. ಹತ್ತಿರವಿದ್ದರೆ ಸುತ್ತಲಿನ ಮಣ್ಣಿನ ಹೆಂಟೆ ಸಮೇತ ತೆಗೆದು ಗೋಣಿಯಲ್ಲಿ ಸುತ್ತಿ, ಎಷ್ಟು ಆಳ, ಯಾವ ಪದರು ಎಂದು ಚೀಟಿ ಬರೆದು ಒಳಗಿಡಬೇಕು.